ಸ್ಪೋಕ್ ಚಕ್ರ ಟ್ಯೂಬ್‌ಲೆಸ್ ಆಗುತ್ತದೆಯೇ? ನಮ್ಮ ಮನೆಯ 37 ತೂತುಗಳ ಲೆಕ್ಕ

ನಮ್ಮ ಕಾಲೇಜಿನ ಗೇಟಿನ ಒಳಗೆ ನಿಲ್ಲಿಸುವ ಬೈಕುಗಳ ಚಕ್ರಗಳನ್ನು ಯಾವತ್ತಾದರೂ ಗಮನಿಸಿದ್ದೀರಾ? ಹೆಚ್ಚಿನವು ಅಲಾಯ್ ಚಕ್ರಗಳು, ಅಂದರೆ ಅಚ್ಚಿನಲ್ಲಿ ಎರಕ ಹೊಯ್ದವು. ಕೆಲವು ಮಾತ್ರ ಸೈಕಲ್ಲಿನ ಹಾಗೆ ಕಡ್ಡಿ ಇರುವ ಸ್ಪೋಕ್ ಚಕ್ರಗಳು. ಒಬ್ಬ ಉಪನ್ಯಾಸಕರ ಬುಲೆಟ್, ಅಟೆಂಡರ್ ಅಂಕಲ್ ಅವರ ಎಕ್ಸ್‌ಎಲ್, ಮತ್ತು ಕೆಲವು ದಿನ ನನ್ನನ್ನು ಬಿಡಲು ಬರುವ ನಮ್ಮ ಅಬ್ಬಾ ಅವರ ಹಳೆಯ ಸ್ಪ್ಲೆಂಡರ್. ಟ್ಯೂಬ್‌ಲೆಸ್ ಟೈರ್ ಇರುವ ಬೈಕಿಗೆ ಪಂಕ್ಚರ್ ಆದರೆ ಹತ್ತು ನಿಮಿಷದ ಕೆಲಸ. ಸ್ಪೋಕ್ ಚಕ್ರಕ್ಕೆ ಆದರೆ ಗಾಡಿ ತಳ್ಳಬೇಕು, ಚಕ್ರ ಬಿಚ್ಚಬೇಕು, ಟ್ಯೂಬ್ ಹೊರಗೆ ತೆಗೆಯಬೇಕು.

ಈ ವ್ಯತ್ಯಾಸ ಏಕೆ? ಸ್ಪೋಕ್ ಚಕ್ರವನ್ನು ಮನೆಯಲ್ಲೇ ಟ್ಯೂಬ್‌ಲೆಸ್ ಮಾಡಿಕೊಳ್ಳಬಹುದೇ? ಇದೇ ಈ ಲೇಖನದ ವಿಷಯ. ನಾನು ಕಾಮರ್ಸ್ ವಿದ್ಯಾರ್ಥಿ, ಮೆಕ್ಯಾನಿಕ್ ಅಲ್ಲ. ಆದರೆ ಈ ಕೆಲಸವನ್ನು ಹೊಸಕೆರೆಹಳ್ಳಿಯ ನಮ್ಮ ಮನೆಯ ಮುಂದೆಯೇ ಮಾಡಿ ನೋಡಿದ್ದೇವೆ. ಅದಕ್ಕೆ ಬೆಲೆಯನ್ನೂ ಕೊಟ್ಟಿದ್ದೇವೆ.

ಬೆಳಗಿನ ಐದೂವರೆಯ ಪಂಕ್ಚರ್

ನಮ್ಮ ಅಬ್ಬಾ ಬನ್ನು, ಬ್ರೆಡ್ಡು ಲೈನ್ ಹಾಕುತ್ತಾರೆ. ಫಜರ್ ನಮಾಜ್ ಮುಗಿಸಿ ಮೈಸೂರು ರಸ್ತೆ ಕಡೆಯ ಬೇಕರಿಯಿಂದ ನಾಲ್ಕು ಕ್ರೇಟ್ ತುಂಬಿಕೊಂಡು ನಾಯಂಡಹಳ್ಳಿ, ವೀರಭದ್ರನಗರ ದಾಟಿ ಬಂದು ಹೊಸಕೆರೆಹಳ್ಳಿ, ಗಿರಿನಗರ, ಕತ್ರಿಗುಪ್ಪೆಯ ಟೀ ಅಂಗಡಿಗಳಿಗೆ ಹಂಚುತ್ತಾರೆ. ಟೀ ಅಂಗಡಿಗೆ ಬನ್ನು ಬೇಕಾಗುವುದು ಆರು ಗಂಟೆಗೆ. ಏಳಕ್ಕೆ ಹೋದರೆ ಅವರು ಬೇರೆಯವರ ಹತ್ತಿರ ತೆಗೆದುಕೊಂಡಿರುತ್ತಾರೆ. ಅದರಲ್ಲಿ ಯಾರದೂ ತಪ್ಪಿಲ್ಲ, ವ್ಯಾಪಾರ ಇರುವುದೇ ಹಾಗೆ.

ರಿಂಗ್ ರಸ್ತೆಯಲ್ಲಿ ಮೊಳೆ, ತಂತಿ, ಕಬ್ಬಿಣದ ಚೂರುಗಳಿಗೆ ಕೊರತೆ ಇಲ್ಲ. ಮೇಲ್ಸೇತುವೆಯ ಕೆಲಸ ವರ್ಷಗಟ್ಟಲೆ ನಡೆದ ರಸ್ತೆ ಅದು. ಬೆಂಗಳೂರಿನ ರಸ್ತೆಯ ಮೊಳೆಗಳ ಕಥೆ ಹೊಸದೂ ಅಲ್ಲ. ಸುಮಾರು ಹತ್ತು ವರ್ಷದ ಹಿಂದೆ ಬೆನೆಡಿಕ್ಟ್ ಜೆಬಕುಮಾರ್ ಎಂಬ ಎಂಜಿನಿಯರ್ ಕೆಲಸಕ್ಕೆ ಹೋಗುವ ದಾರಿಯಲ್ಲಿ ಪದೇ ಪದೇ ಪಂಕ್ಚರ್ ಆಗಿ ಬೇಸತ್ತು, ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಹೊರ ವರ್ತುಲ ರಸ್ತೆಯಲ್ಲಿ ಮೊಳೆ ಆರಿಸತೊಡಗಿದರು. ಕಿಲೋಗಟ್ಟಲೆ ಮೊಳೆ ಸಿಕ್ಕಿ ಅದು ಪತ್ರಿಕೆಗಳಲ್ಲೂ ಸುದ್ದಿಯಾಯಿತು.

ಕಳೆದ ವರ್ಷ ಜನವರಿಯಿಂದ ಜೂನ್‌ವರೆಗೆ ಅಬ್ಬಾ ಅವರ ಗಾಡಿಯ ಖರ್ಚನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಲೆಕ್ಕಶಾಸ್ತ್ರ ಓದುವವರಿಗೆ ಇಂಥ ಹುಚ್ಚು ಇರುತ್ತದೆ. ಆರು ತಿಂಗಳಲ್ಲಿ 11 ಪಂಕ್ಚರ್. ಒಂದಕ್ಕೆ 100 ರೂಪಾಯಿಯಂತೆ 1,100. ಮೂರು ಸಲ ಟ್ಯೂಬೇ ಬದಲಿಸಿದ್ದು, 900. ನಾಲ್ಕು ದಿನ ಬೆಳಗಿನ ಲೈನ್ ತಪ್ಪಿದ್ದು, ದಿನಕ್ಕೆ 600ರಂತೆ 2,400. ಒಟ್ಟು 4,400 ರೂಪಾಯಿ. ನಮ್ಮ ಮನೆಗೆ ಇದು ಸಣ್ಣ ಮೊತ್ತ ಅಲ್ಲ.

ಹನ್ನೊಂದರಲ್ಲಿ ಒಂಬತ್ತು ಪಂಕ್ಚರ್ ಹಿಂದಿನ ಚಕ್ರದ್ದೇ. ಭಾರ ಇರುವುದು ಅಲ್ಲಿ. ಜೊತೆಗೆ, ಮಲಗಿರುವ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸುತ್ತದೆ, ಎದ್ದ ಮೊಳೆ ಹಿಂದಿನ ಚಕ್ರಕ್ಕೆ ಚುಚ್ಚುತ್ತದೆ.

ಟ್ಯೂಬ್ ಇರುವ ಚಕ್ರ, ಇಲ್ಲದ ಚಕ್ರ

ಗಾಳಿ ತುಂಬಿದ ಟೈರನ್ನು ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಬಳಕೆಗೆ ತಂದರು. ಟ್ಯೂಬ್ ಇಲ್ಲದ ಟೈರನ್ನು ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ 1947ರಲ್ಲಿ ಪ್ರಕಟಿಸಿತು. ಅದನ್ನು ರೂಪಿಸಿದವರು ಫ್ರಾಂಕ್ ಹರ್ಜೆಗ್.

ಟ್ಯೂಬ್ ಇರುವ ಚಕ್ರದಲ್ಲಿ ಗಾಳಿ ನಿಲ್ಲುವುದು ಟ್ಯೂಬಿನಲ್ಲಿ. ಟೈರ್ ಅದರ ಮೇಲಿನ ಗಟ್ಟಿ ಹೊದಿಕೆ ಅಷ್ಟೇ. ಮೊಳೆ ಚುಚ್ಚಿದರೆ ತೆಳುವಾದ ಟ್ಯೂಬ್ ಬಲೂನಿನಂತೆ ಬೇಗ ಖಾಲಿಯಾಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಟೈರಿನ ಒಳಮೈಗೆ ಗಾಳಿ ಸೋರದ ಬ್ಯೂಟೈಲ್ ರಬ್ಬರಿನ ಪದರ ಇರುತ್ತದೆ. ಟೈರೂ ರಿಮ್ಮೂ ಸೇರಿ ಒಂದು ಮುಚ್ಚಿದ ಪಾತ್ರೆಯಾಗುತ್ತವೆ. ಮೊಳೆ ಚುಚ್ಚಿದರೆ ರಬ್ಬರ್ ಅದನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗಾಳಿ ನಿಧಾನವಾಗಿ ಇಳಿಯುತ್ತದೆ, ನಾಲ್ಕೈದು ಕಿಲೋಮೀಟರ್ ದೂರದ ಅಂಗಡಿಯವರೆಗೆ ಹೋಗಲು ಸಮಯ ಸಿಗುತ್ತದೆ.

ಸ್ಪೋಕ್ ಚಕ್ರದ ತೊಂದರೆ ಏನೆಂದರೆ ಆ ಪಾತ್ರೆಯೇ ತೂತು. ನಮ್ಮ ಸ್ಪ್ಲೆಂಡರ್ ಚಕ್ರದಲ್ಲಿ 36 ಕಡ್ಡಿಗಳು. ಪ್ರತಿ ಕಡ್ಡಿಯ ತುದಿಗೆ ನಿಪ್ಪಲ್ ಎಂಬ ಸಣ್ಣ ನಟ್ಟು ಇರುತ್ತದೆ. ಅದು ರಿಮ್ಮಿನ ನಡುವಿನ ತೂತಿನ ಮೂಲಕ ಬಂದು ಕೂತಿರುತ್ತದೆ. ಹಾಗೆ 36 ತೂತು, ವಾಲ್ವ್‌ಗೆ ಒಂದು, ಒಟ್ಟು 37. ಟ್ಯೂಬ್ ತೆಗೆದು ಗಾಳಿ ಹಾಕಿದರೆ ಅದು 37 ಕಡೆಯಿಂದ ಹೊರಗೆ ಹೋಗುತ್ತದೆ.

ಹಾಗಂತ ಸ್ಪೋಕ್ ಚಕ್ರ ಕೆಟ್ಟದ್ದು ಎಂದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಸ್ಪೋಕ್ ಚಕ್ರದ ಮೇಲೆಯೇ ಈ ರಾಜ್ಯದ ಊರೂರು ಸುತ್ತಿದವು. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಪೋಕ್ ಚಕ್ರ ಸ್ವಲ್ಪ ಬಾಗಿ ಏಟನ್ನು ತಾಳಿಕೊಳ್ಳುತ್ತದೆ. ಬೆಂಡ್ ಆದರೆ ಕಡ್ಡಿ ಬಿಗಿ ಮಾಡಿ ಸರಿಪಡಿಸಬಹುದು. ಅಲಾಯ್ ಬಿರುಕು ಬಿಟ್ಟರೆ ಹಾಗೆ ಮಾಡಲಾಗುವುದಿಲ್ಲ. ಹೀಗೆ ಬಾಗುವುದು ಸ್ಪೋಕ್ ಚಕ್ರದ ಒಳ್ಳೆಯ ಗುಣ. ನಮ್ಮ ಕೆಲಸ ಕೆಡಲು ಅದೇ ಒಂದು ಕಾರಣವೂ ಆಯಿತು.

ನಾವು ಮಾಡಿದ್ದು

ನಮ್ಮ ಖಾಲಾ ಅವರ ಮಗ ಐಟಿಐ ಓದುತ್ತಾರೆ. ನಾನು ಅವರನ್ನು ಭಾಯ್‌ಜಾನ್ ಎನ್ನುತ್ತೇನೆ. ಮನೆಯಲ್ಲೇ ತೂತು ಮುಚ್ಚಿ ಸ್ಪೋಕ್ ಚಕ್ರವನ್ನು ಟ್ಯೂಬ್‌ಲೆಸ್ ಮಾಡುವ ವಿಡಿಯೋಗಳನ್ನು ನಾವಿಬ್ಬರೂ ನೋಡಿದೆವು. ನಾನು ನೋಟ್‌ಬುಕ್ಕಿನ 4,400 ರೂಪಾಯಿಯನ್ನು ಅಬ್ಬಾಗೆ ತೋರಿಸಿ ಒಪ್ಪಿಸಿದೆ. ಒಪ್ಪಿಸಿದ್ದು ನಾನೇ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಬ್ಬಾಗೆ ಅಷ್ಟು ಮನಸ್ಸಿರಲಿಲ್ಲ.

ನಮ್ಮ ಏರಿಯಾದ ಪಂಕ್ಚರ್ ಅಂಗಡಿಯವರು ಕೇರಳದವರು, ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಟೈರ್ ಬಿಚ್ಚಿಸಲು ಹೋದಾಗ ಅವರು ರಿಮ್ಮಿನ ಒಳಗೆ ಬೆರಳಾಡಿಸಿ, “ಇದರಲ್ಲಿ ಆ ಗೆರೆ ಇಲ್ಲ ಮೋನೆ. ಗಾಳಿ ನಿಲ್ಲುತ್ತೆ, ಟೈರ್ ನಿಲ್ಲಲ್ಲ” ಅಂದರು. ಗಾಳಿ ನಿಂತರೆ ಟೈರ್ ಏಕೆ ನಿಲ್ಲುವುದಿಲ್ಲ ಎಂದು ನಮಗೆ ಅರ್ಥವಾಗಲಿಲ್ಲ. ಅವರ ಪಂಕ್ಚರ್ ವ್ಯಾಪಾರ ಕಡಿಮೆಯಾಗುತ್ತದೆಂದು ಹಾಗೆ ಹೇಳುತ್ತಿದ್ದಾರೆ ಎಂದುಕೊಂಡೆವು. ಆ ಯೋಚನೆಗಾಗಿ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕೆಲಸ ಹೀಗೆ ನಡೆಯಿತು. ಮೊದಲು ಚಕ್ರದ ಬೆಂಡ್ ತೆಗೆಸಿದೆವು, ಏಕೆಂದರೆ ತೂತು ಮುಚ್ಚಿದ ಮೇಲೆ ಕಡ್ಡಿ ತಿರುಗಿಸಿದರೆ ನಿಪ್ಪಲ್ ತಿರುಗಿ ಅಂಟು ಬಿಟ್ಟುಕೊಳ್ಳುತ್ತದೆ. ಆಮೇಲೆ ರಿಮ್ಮಿನ ಒಳಗಿನ ತುಕ್ಕನ್ನು ತಂತಿ ಬ್ರಷ್, ಉಪ್ಪು ಕಾಗದದಿಂದ ಉಜ್ಜಿ, ಥಿನ್ನರ್ ಹಾಕಿ ಒರೆಸಿದೆವು. ನೀರಿನ ಪೈಪಿಗೆ ಹಚ್ಚುವ, ಎರಡು ಉಂಡೆ ಸೇರಿಸಿ ಕಲಸುವ ಎಪಾಕ್ಸಿ ಪುಟ್ಟಿಯನ್ನು ಒಂದೊಂದು ನಿಪ್ಪಲ್ ತಲೆಯ ಮೇಲೂ ಒತ್ತಿದೆವು. ಒಂದು ದಿನ ಒಣಗಲು ಬಿಟ್ಟು ಅದರ ಮೇಲೆ ಸಿಲಿಕೋನ್ ಸೀಲೆಂಟ್ ಎಳೆದೆವು. ಮತ್ತೊಂದು ದಿನ ಬಿಟ್ಟು ಸುತ್ತಲೂ ಅಗಲವಾದ ಅಂಟು ಟೇಪ್ ಸುತ್ತಿದೆವು. ವಾಲ್ವ್ ತೂತಿಗೆ ನಟ್ಟು ಬಿಗಿಯುವ ಟ್ಯೂಬ್‌ಲೆಸ್ ವಾಲ್ವ್ ಹಾಕಿ, ಹೊಸ ಟ್ಯೂಬ್‌ಲೆಸ್ ಟೈರ್ ಏರಿಸಿದೆವು.

ಖರ್ಚು ಹೀಗಿತ್ತು. ಟೈರ್ 1,650, ಟೇಪ್ 650, ಸೀಲೆಂಟ್ 350, ಥಿನ್ನರ್ ಮತ್ತು ಉಪ್ಪು ಕಾಗದ 120, ಎಪಾಕ್ಸಿ 90, ವಾಲ್ವ್ 60. ಒಟ್ಟು 2,920 ರೂಪಾಯಿ.

ಗಾಳಿ ಹಾಕಿದಾಗ ಟೈರಿನ ಅಂಚು ರಿಮ್ಮಿಗೆ ‘ಟಪ್’ ಎಂದು ಎರಡು ಸಲ ಕೂತ ಸದ್ದು ಬಂತು. ಸೋಪಿನ ನೀರು ಸುರಿದು ನೋಡಿದೆವು. 37 ಕಡೆಯೂ ಒಂದು ಗುಳ್ಳೆ ಇಲ್ಲ. ರಾತ್ರಿ 32 ಪಿಎಸ್‌ಐ ಇಟ್ಟದ್ದು ಬೆಳಿಗ್ಗೆಯೂ 32 ಇತ್ತು. ಭಾಯ್‌ಜಾನ್ ನನ್ನ ಬೆನ್ನು ತಟ್ಟಿದರು. ಅಮ್ಮಿ ಶೀರ್ ಕುರ್ಮಾ ಮಾಡುವ ದೊಡ್ಡ ಪಾತ್ರೆಯಲ್ಲಿ ಸೋಪಿನ ನೀರು ಕಲಸಿದ್ದಕ್ಕೆ ಬೈದರು. ಆ ದಿನ ನಮಗೆ ಅದೊಂದೇ ನಷ್ಟ ಅನ್ನಿಸಿತ್ತು.

ಇಪ್ಪತ್ಮೂರನೆಯ ದಿನ

ಮೊದಲ ವಾರ ಏನೂ ಆಗಲಿಲ್ಲ. ಎಂಟನೆಯ ದಿನ ಗಾಳಿ ಸ್ವಲ್ಪ ಕಡಿಮೆ ಇತ್ತು, ಹಾಕಿಸಿದೆವು. ಎರಡನೆಯ ವಾರ ಎರಡು ಸಲ. ಮೂರನೆಯ ವಾರದಲ್ಲಿ ದಿನ ಬಿಟ್ಟು ದಿನ. ಬಂಕಿನಲ್ಲಿ ಗಾಳಿ ಪುಕ್ಕಟೆ, ಹಾಕಿಸಿದರಾಯಿತು ಎಂದು ನಾನೇ ಹೇಳಿದೆ.

ಇಪ್ಪತ್ಮೂರನೆಯ ದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ತಡವಾಗುತ್ತದೆಂದು ಅಬ್ಬಾ ಗಾಳಿ ನೋಡದೆ ಹೊರಟರು. ಕ್ರೇಟ್ ತುಂಬಿಕೊಂಡು ರಿಂಗ್ ರಸ್ತೆಯಿಂದ ಹೊಸಕೆರೆಹಳ್ಳಿ ಕಡೆಗೆ ಎಡಕ್ಕೆ ತಿರುಗುವಾಗ ಗಾಡಿಯ ಹಿಂಭಾಗ ಜಾರಿದಂತಾಯಿತಂತೆ. ಮರುಕ್ಷಣ ಟೈರಿನ ಅಂಚು ರಿಮ್ಮಿನಿಂದ ಕಳಚಿ, ಗಾಳಿಯೆಲ್ಲ ಒಮ್ಮೆಗೇ ಹೋಗಿ ಗಾಡಿ ಮಲಗಿತು. ವೇಗ ಇಪ್ಪತ್ತೈದೋ ಏನೋ ಇತ್ತು. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದರು. ಬನ್ನುಗಳು ನೀರಿನಲ್ಲಿ ಬಿದ್ದಿದ್ದವು. ಅಬ್ಬಾ ಅವರ ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಹೆಲ್ಮೆಟ್ ಹಾಕಿದ್ದರಿಂದ ತಲೆಗೆ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ನಾನು ಆಸ್ಪತ್ರೆಗೆ ಹೋದಾಗ ಅಬ್ಬಾ ಒಂದು ಮಾತೂ ಬೈಯಲಿಲ್ಲ. “ಬೇಟಾ, ಟೀ ಅಂಗಡಿಯವರಿಗೆಲ್ಲ ಫೋನ್ ಮಾಡಿ ಹೇಳು, ಕಾಯುತ್ತಿರುತ್ತಾರೆ” ಅಂದರು. ಹನ್ನೆರಡು ಅಂಗಡಿಗಳಿಗೆ ನಾನೇ ಫೋನ್ ಮಾಡಿದೆ. ಏನಾಯಿತು ಎಂದು ಪ್ರತಿಯೊಬ್ಬರೂ ಕೇಳಿದರು. ಪ್ರತಿಯೊಬ್ಬರಿಗೂ ‘ಟೈರ್ ಕಳಚಿತು’ ಎಂದಷ್ಟೇ ಹೇಳಿದೆ. ಟೈರ್ ಹಾಕಿದ್ದು ಯಾರು ಎಂದು ಹೇಳುವ ಧೈರ್ಯ ಬರಲಿಲ್ಲ.

ತಪ್ಪಿದ್ದು ಎಲ್ಲಿ?

ಸಂಜೆ ಕಾಕಾ ಅಂಗಡಿಯಲ್ಲಿ ಚಕ್ರ ಬಿಚ್ಚಿ ನೋಡಿದೆವು. ಟೈರಿನಲ್ಲಿ ಒಂದೂ ಮೊಳೆ ಇರಲಿಲ್ಲ. ಪಂಕ್ಚರ್ ಆಗಿಯೇ ಇರಲಿಲ್ಲ. 36ರಲ್ಲಿ ಐದು ನಿಪ್ಪಲ್‌ಗಳ ಮೇಲಿನ ಎಪಾಕ್ಸಿ ಬಿರುಕು ಬಿಟ್ಟಿತ್ತು. ಎರಡು ಕಡೆ ಸಿಲಿಕೋನ್ ಸಿಪ್ಪೆಯಂತೆ ಎದ್ದು ಬಂತು. ಟೇಪಿನ ಕೆಳಗೆ ನೀರಿನ ತೇವ ಸೇರಿತ್ತು.

ಏಕೆ ಹೀಗಾಯಿತು ಎಂದು ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ.

ಮೊದಲನೆಯದು ಸೋರಿಕೆ. ಸ್ಪೋಕ್ ಚಕ್ರದಲ್ಲಿ ಕಡ್ಡಿಗಳು ಬಿಗಿದ ತಂತಿಗಳಂತೆ ರಿಮ್ಮನ್ನು ಒಳಗೆ ಎಳೆದು ಹಿಡಿದಿರುತ್ತವೆ. ಚಕ್ರ ಉರುಳುವಾಗ ನೆಲದ ಕಡೆ ಬಂದ ಕಡ್ಡಿಗಳ ಎಳೆತ ಕ್ಷಣಕಾಲ ಕಡಿಮೆಯಾಗುತ್ತದೆ, ಮೇಲೆ ಹೋದಾಗ ಮತ್ತೆ ಬಿಗಿಯಾಗುತ್ತದೆ. ಅಂದರೆ ಪ್ರತಿ ಸುತ್ತಿಗೂ ಪ್ರತಿ ನಿಪ್ಪಲ್ ಕೂದಲೆಳೆಯಷ್ಟಾದರೂ ಅಲುಗುತ್ತದೆ. ನಮ್ಮ ಹಿಂದಿನ ಚಕ್ರದ ಸುತ್ತಳತೆ ಸುಮಾರು 1.9 ಮೀಟರ್. ಒಂದು ಕಿಲೋಮೀಟರಿಗೆ ಸುಮಾರು 526 ಸುತ್ತು. ದಿನಕ್ಕೆ 40 ಕಿಲೋಮೀಟರ್ ಎಂದರೆ 21 ಸಾವಿರ ಸುತ್ತು. ಇಪ್ಪತ್ಮೂರು ದಿನಕ್ಕೆ ನಾಲ್ಕು ಲಕ್ಷ 80 ಸಾವಿರ ಸಲ ಆ ಅಂಟನ್ನು ಅಲುಗಾಡಿಸಿದ್ದೇವೆ. ಎಪಾಕ್ಸಿ ಕಲ್ಲಿನಂತೆ ಗಟ್ಟಿ. ಅಲುಗದ ಪೈಪಿಗೆ ಒಳ್ಳೆಯದು, ಅಲುಗುವ ಜಾಗದಲ್ಲಿ ಬಿರುಕು ಬಿಡುತ್ತದೆ. ಸಿಲಿಕೋನ್ ಬಾಗುತ್ತದೆ, ಆದರೆ ನುಣುಪಾದ ಕ್ರೋಮಿನ ಮೇಲೆ ಗಟ್ಟಿಯಾಗಿ ಹಿಡಿಯುವುದು ಕಷ್ಟ. ವಿನೆಗರ್ ವಾಸನೆ ಬರುವ ಬಗೆಯ ಸಿಲಿಕೋನ್ ಆದರೆ ಒಣಗುವಾಗ ಅದರಿಂದ ಹೊರಡುವ ಆಮ್ಲ ಲೋಹಕ್ಕೂ ಒಳ್ಳೆಯದಲ್ಲ. ನಾವು ತಂದದ್ದು ಅದೇ ವಾಸನೆಯದು.

ಎರಡನೆಯದು ಕಾಕಾ ಹೇಳಿದ ಗೆರೆ. ಅವರು ಒಂದು ಅಲಾಯ್ ಚಕ್ರವನ್ನು ಪಕ್ಕದಲ್ಲಿಟ್ಟು ನನ್ನ ಬೆರಳನ್ನು ಒಳಗೆ ಎಳೆಸಿದರು. ಟೈರಿನ ಅಂಚು ಕೂರುವ ಜಾಗದ ಒಳಬದಿಯಲ್ಲಿ ಸುತ್ತಲೂ ಒಂದು ಸಣ್ಣ ಉಬ್ಬು ಇತ್ತು. ನಮ್ಮ ಸ್ಪೋಕ್ ರಿಮ್ಮಿನಲ್ಲಿ ಆ ಜಾಗ ನುಣ್ಣಗಿತ್ತು.

ಆ ಉಬ್ಬಿನ ಕೆಲಸ ಇಷ್ಟೇ. ರಿಮ್ಮಿನ ನಡುವೆ ತಗ್ಗು ಇರುತ್ತದೆ, ಟೈರ್ ಏರಿಸಲು ಅದು ಬೇಕು. ಗಾಳಿ ತುಂಬಿರುವಾಗ ಗಾಳಿಯೇ ಟೈರಿನ ಅಂಚನ್ನು ಹೊರಗೆ ಒತ್ತಿ ಹಿಡಿದಿರುತ್ತದೆ. ಗಾಳಿ ಕಡಿಮೆಯಾದಾಗ, ತಿರುವಿನಲ್ಲಿ ಅಡ್ಡ ಬಲ ಬಿದ್ದರೆ ಅಂಚು ತಗ್ಗಿಗೆ ಜಾರಲು ನೋಡುತ್ತದೆ. ಹಾಗೆ ಜಾರದಂತೆ ತಡೆಯುವುದು ಆ ಉಬ್ಬು. ಅದಿಲ್ಲದ ರಿಮ್ಮಿನಲ್ಲಿ ಅಂಚು ಜಾರಬಹುದು. ಒಳಗೆ ಟ್ಯೂಬ್ ಇದ್ದರೆ ಅಂಚು ಸ್ವಲ್ಪ ಜಾರಿದರೂ ಗಾಳಿ ಟ್ಯೂಬಿನಲ್ಲೇ ಇರುತ್ತದೆ. ಟ್ಯೂಬ್ ಇಲ್ಲದಿದ್ದರೆ ಅಂಚು ಜಾರಿದ ಕ್ಷಣವೇ ಪಾತ್ರೆಯ ಬಾಯಿ ತೆರೆದಂತೆ, ಎಲ್ಲ ಗಾಳಿಯೂ ಹೋಗುತ್ತದೆ. ಅಬ್ಬಾಗೆ ಆದದ್ದು ಇದೇ.

ಗಾಳಿ ಸೋರದಂತೆ ನೋಡಿಕೊಳ್ಳುವುದು ಒಂದು ಕೆಲಸ. ಗಾಳಿ ಸೋರಿದ ಮೇಲೂ ಟೈರ್ ರಿಮ್ಮಿನ ಮೇಲೆಯೇ ಉಳಿಯುವಂತೆ ಮಾಡುವುದು ಬೇರೆ ಕೆಲಸ. ನಾವು 37 ತೂತು ಮುಚ್ಚಿ ಮೊದಲನೆಯದನ್ನು ಅರ್ಧಂಬರ್ಧ ಮಾಡಿದೆವು. ಎರಡನೆಯದು ಇದೆ ಎಂದೇ ನಮಗೆ ಗೊತ್ತಿರಲಿಲ್ಲ. ಎಷ್ಟು ಒಳ್ಳೆಯ ಅಂಟು ತಂದಿದ್ದರೂ ಆ ಉಬ್ಬು ಬರುತ್ತಿರಲಿಲ್ಲ.

ನೀವೂ ಪರೀಕ್ಷಿಸಿ ನೋಡಬಹುದು. ಅಲಾಯ್ ಚಕ್ರದ ಮೇಲೆ ಅಳತೆ ಬರೆದಿರುವ ಕಡೆ ಇಂಗ್ಲಿಷಿನ ಎಂ, ಟಿ ಎಂಬ ಎರಡು ಅಕ್ಷರಗಳಿದ್ದರೆ ಅದು ಉಬ್ಬು ಇರುವ ರಿಮ್. ಹಳೆಯ ಬೈಕುಗಳ ಸ್ಪೋಕ್ ರಿಮ್ಮುಗಳಲ್ಲಿ ಡಬ್ಲ್ಯು, ಎಂ ಎಂದಿದ್ದರೆ ಅದು ಟ್ಯೂಬಿಗೆಂದೇ ಮಾಡಿದ್ದು. ನಮ್ಮ ರಿಮ್ಮಿನಲ್ಲಿ ಎಂ, ಟಿ ಇರಲಿಲ್ಲ. ಟೈರಿನ ಪಕ್ಕದಲ್ಲೂ ‘ಟ್ಯೂಬ್‌ಲೆಸ್’ ಅಥವಾ ‘ಟ್ಯೂಬ್ ಟೈಪ್’ ಎಂದು ಬರೆದಿರುತ್ತದೆ. ನಾವು ಟೈರಿನ ಮೇಲಿನದ್ದನ್ನು ಓದಿದ್ದೆವು, ರಿಮ್ಮಿನ ಮೇಲಿನದ್ದನ್ನು ಓದಿರಲಿಲ್ಲ.

ಹಾಗಾದರೆ ಕಂಪನಿಗಳು ಹೇಗೆ ಮಾಡುತ್ತವೆ?

ಸ್ಪೋಕ್ ಇದ್ದೂ ಟ್ಯೂಬ್‌ಲೆಸ್ ಆದ ಬೈಕುಗಳು ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ಬಿಎಂಡಬ್ಲ್ಯು ಕಂಪನಿ 1987ರಲ್ಲಿ ತನ್ನ ಆರ್ 100 ಜಿಎಸ್ ಬೈಕಿನಲ್ಲಿ ಕಡ್ಡಿಗಳನ್ನು ರಿಮ್ಮಿನ ನಡುವೆ ಅಲ್ಲ, ಹೊರ ಅಂಚಿಗೆ ಜೋಡಿಸಿತು. ತೂತುಗಳೆಲ್ಲ ಗಾಳಿ ಇರುವ ಜಾಗದಿಂದ ಆಚೆ ಹೋದವು. ತೂತು ಮುಚ್ಚುವ ಪ್ರಶ್ನೆಯೇ ಬರಲಿಲ್ಲ. ನಮ್ಮ ದೇಶದಲ್ಲಿ ರಾಯಲ್ ಎನ್‌ಫೀಲ್ಡ್ 2023ರಲ್ಲಿ ತಂದ ಹೊಸ ಹಿಮಾಲಯನ್ ಬೈಕಿಗೆ ಮೊದಲು ಟ್ಯೂಬ್ ಇರುವ ಸ್ಪೋಕ್ ಚಕ್ರವೇ ಇತ್ತು. 2024ರಲ್ಲಿ ಟ್ಯೂಬ್‌ಲೆಸ್ ಸ್ಪೋಕ್ ಚಕ್ರಗಳನ್ನು ಬೇರೆಯಾಗಿ ಮಾರಾಟಕ್ಕೆ ತಂದರು. ಅದರ ಬೆಲೆ ಹತ್ತು ಸಾವಿರ ರೂಪಾಯಿಗೂ ಮೇಲೆ. ಕಂಪನಿಯವರೇ ಇಷ್ಟು ಕೇಳುವಾಗ, 2,920 ರೂಪಾಯಿಯಲ್ಲಿ ಅದೇ ಕೆಲಸ ಹೇಗಾಗುತ್ತದೆ ಎಂಬ ಪ್ರಶ್ನೆ ನನಗೆ ಮೊದಲೇ ಬರಬೇಕಿತ್ತು.

ಗೇರ್ ಸೈಕಲ್ ಇರುವ ಗೆಳೆಯರು ತಮ್ಮ ಸೈಕಲ್ಲಿಗೆ ಟೇಪ್ ಸುತ್ತಿಯೇ ಟ್ಯೂಬ್‌ಲೆಸ್ ಮಾಡುತ್ತಾರೆ ಎನ್ನಬಹುದು. ಅದೂ ನಿಜ. ಆದರೆ ಅಂಥ ಸೈಕಲ್ಲಿನ ರಿಮ್ಮನ್ನು ಟೈರ್ ಅಂಚು ಹಿಡಿಯುವಂತೆ ಮೊದಲೇ ರೂಪಿಸಿರುತ್ತಾರೆ. ಟೇಪ್ ಅಲ್ಲಿ ತೂತು ಮಾತ್ರ ಮುಚ್ಚುತ್ತದೆ. ಅದರ ಮೇಲೆ ಬನ್ನಿನ ನಾಲ್ಕು ಕ್ರೇಟ್ ಹೇರುವುದೂ ಇಲ್ಲ.

ಲೆಕ್ಕದ ಇನ್ನೊಂದು ಬದಿ

ನನ್ನ ನೋಟ್‌ಬುಕ್ಕಿನ ಮುಂದಿನ ಪುಟ ಹೀಗಿದೆ. ಎಕ್ಸ್‌ರೇ, ಡಾಕ್ಟರ್ ಮತ್ತು ಪ್ಲಾಸ್ಟರ್ 3,400. ಇಂಡಿಕೇಟರ್, ಹ್ಯಾಂಡಲ್, ಲೆಗ್‌ಗಾರ್ಡ್ 1,150. ಹಾಳಾದ ಮಾಲು 1,900. ಅಬ್ಬಾ ಕೆಲಸಕ್ಕೆ ಹೋಗದ 31 ದಿನ, ದಿನಕ್ಕೆ 600ರಂತೆ 18,600. ಒಟ್ಟು 25,050 ರೂಪಾಯಿ. ಇದಕ್ಕೆ ಮೊದಲ 2,920 ಸೇರಿಸಬೇಕು. ಆರು ತಿಂಗಳಿಗೆ 4,400 ಉಳಿಸಲು ಹೋಗಿ ಆದದ್ದು ಇದು.

ನಮ್ಮ ಲೆಕ್ಕಶಾಸ್ತ್ರದ ಪಾಠದಲ್ಲಿ ಸಂಭಾವ್ಯ ಹೊಣೆಗಾರಿಕೆ ಎಂದು ಬರುತ್ತದೆ. ಆಗಬಹುದು, ಆಗದಿರಬಹುದು ಎನ್ನುವಂಥ ಹೊಣೆ. ಅದನ್ನು ಮೊತ್ತದಲ್ಲಿ ಸೇರಿಸುವುದಿಲ್ಲ, ಆಸ್ತಿ ಹೊಣೆ ಪಟ್ಟಿಯ ಕೆಳಗೆ ಟಿಪ್ಪಣಿಯಾಗಿ ಬರೆಯುತ್ತಾರೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆತುಬಿಡುವ ವಿಷಯ. ನಾನು ಅಬ್ಬಾಗೆ ತೋರಿಸಿದ ಪುಟದಲ್ಲಿ ಆ ಟಿಪ್ಪಣಿಯೇ ಇರಲಿಲ್ಲ. ‘ಟೈರ್ ಕಳಚಿದರೆ?’ ಎಂದು ಒಂದು ಸಾಲು ಬರೆದಿದ್ದರೂ ಕಾಕಾ ಮಾತನ್ನು ಇನ್ನೊಮ್ಮೆ ಕೇಳುತ್ತಿದ್ದೆನೇನೋ.

ಈಗ ನಾವು ಏನು ಮಾಡುತ್ತೇವೆ

ಕಾಕಾ ಟೇಪ್, ಅಂಟು ಎಲ್ಲ ಕೆರೆದು ತೆಗೆದು, ಹೊಸ ರಿಮ್ ಟೇಪ್ ಹಾಕಿ, ಸರಿಯಾದ ಅಳತೆಯ ಹೊಸ ಟ್ಯೂಬ್ ಕೂರಿಸಿಕೊಟ್ಟರು. ಆ ದಿನ ಕೂಲಿ ತೆಗೆದುಕೊಳ್ಳಲಿಲ್ಲ. ಅವರಿಂದ ಕಲಿತದ್ದನ್ನು ಸ್ಪೋಕ್ ಚಕ್ರ ಇರುವ ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸವೆದ ಟೈರ್ ಓಡಿಸಬೇಡಿ. ಹಳ್ಳಗಳ ನಡುವೆ ಸವೆತ ತೋರಿಸುವ ಸಣ್ಣ ಉಬ್ಬುಗಳಿರುತ್ತವೆ. ಟೈರ್ ಅದರ ಮಟ್ಟಕ್ಕೆ ಬಂದರೆ ಬದಲಿಸಿ. ನಮ್ಮ 11 ಪಂಕ್ಚರ್‌ಗಳಲ್ಲಿ ಹೆಚ್ಚಿನವು ಹಳೆಯ ಟೈರ್ ನುಣ್ಣಗಾದ ಮೇಲೆ ಆದವು. ಹೊಸ ಟೈರ್ ಒಂದನ್ನೇ ಹಾಕಿಸಿದ್ದರೂ ಅರ್ಧ ಸಮಸ್ಯೆ ಮುಗಿಯುತ್ತಿತ್ತು.

ವಾರಕ್ಕೊಮ್ಮೆಯಾದರೂ ಗಾಳಿ ನೋಡಿ. ಎಷ್ಟು ಇರಬೇಕೆಂದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಹಿಂದೆ ಭಾರ ಇದ್ದರೆ ಹೆಚ್ಚು ಬೇಕು. ಗಾಳಿ ಕಡಿಮೆ ಇದ್ದಾಗ ಗುಂಡಿಗೆ ಇಳಿದರೆ ಟ್ಯೂಬ್ ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿ ಹರಿಯುತ್ತದೆ, ಮೊಳೆಯೇ ಬೇಕಿಲ್ಲ.

ಪ್ರತಿ ಸಲ ಟೈರ್ ಬಿಚ್ಚಿದಾಗ ರಿಮ್ ಟೇಪ್ ನೋಡಲು ಹೇಳಿ. ಅದು ಹರಿದಿದ್ದರೆ ಕಡ್ಡಿಯ ತುದಿಯೇ ಒಳಗಿನಿಂದ ಟ್ಯೂಬಿಗೆ ಚುಚ್ಚುತ್ತದೆ. ಆಗ ರಸ್ತೆಯ ಮೊಳೆಯನ್ನು ಬೈದು ಪ್ರಯೋಜನ ಇಲ್ಲ.

ಟ್ಯೂಬ್‌ಲೆಸ್ ಬೇಕೇ ಬೇಕು ಎಂದರೆ ಚಕ್ರವನ್ನೇ ಬದಲಿಸಬೇಕು. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸುವಾಗ ಒಂದು ಮಾತು ನೆನಪಿಡಿ. ಅಲಾಯ್ ಎಂದ ಮಾತ್ರಕ್ಕೆ ಟ್ಯೂಬ್‌ಲೆಸ್ ಎಂದು ಅರ್ಥವಲ್ಲ. ಟ್ಯೂಬ್ ಹಾಕಿಯೇ ಬರುತ್ತಿದ್ದ ಅಲಾಯ್ ಚಕ್ರಗಳೂ ಇವೆ. ಎಂ, ಟಿ ಅಕ್ಷರ ಮತ್ತು ಒಳಗಿನ ಉಬ್ಬು ನೋಡಿಯೇ ಹಣ ಕೊಡಿ. ನಿಮ್ಮ ಗಾಡಿಯ ಮಾದರಿಗೆ ಅದು ಹೊಂದುತ್ತದೆಯೇ ಎಂದು ಗೊತ್ತಿರುವವರನ್ನು ಕೇಳಿ.

ನನಗೆ ಇನ್ನೂ ಹದಿನೇಳು, ಲೈಸೆನ್ಸ್ ಇಲ್ಲ. ಹಾಗಾಗಿ ಗಾಡಿ ಓಡಿಸುವುದಿಲ್ಲ. ಆದರೆ ಒಂದು ಗಾಳಿ ಮೀಟರ್ ಕೊಂಡಿದ್ದೇನೆ. ಪ್ರತಿ ರಾತ್ರಿ ಇಶಾ ಆದ ಮೇಲೆ ಎರಡೂ ಚಕ್ರದ ಗಾಳಿ ನೋಡಿ ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಟೀ ಅಂಗಡಿಗಳವರಲ್ಲಿ ಇಬ್ಬರು ಬೇರೆ ಲೈನಿಗೆ ಹೋದರು, ಹತ್ತು ಮಂದಿ ಅಬ್ಬಾಗಾಗಿ ಕಾದರು. ಅಬ್ಬಾ ಮೊದಲ ದಿನ ಮತ್ತೆ ಲೈನಿಗೆ ಹೊರಟಾಗ ನಾನು ಗೇಟಿನವರೆಗೆ ಹೋಗಿ ಹಿಂದಿನ ಟೈರನ್ನು ಕೈಯಿಂದ ಒತ್ತಿ ನೋಡಿದೆ. ಅಬ್ಬಾ ನಕ್ಕು, “ಮೀಟರಿನಲ್ಲಿ ನೋಡಿ ಹೇಳು ಬೇಟಾ, ಕೈ ಸುಳ್ಳು ಹೇಳುತ್ತದೆ” ಅಂದರು. ಒಳಗೆ ಓಡಿಹೋಗಿ ಮೀಟರ್ ತಂದೆ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ